ಕೌದಿಯ ಅಂಚು ಮತ್ತು ಮೂಲೆ: ಮನೆಯಲ್ಲಿಯೇ ಸಮಗೊಳಿಸುವ ವಿಧಾನ

ಹಳೆಯ ಸೀರೆ, ಧೋತರ ಮತ್ತು ಬಟ್ಟೆಯ ತುಂಡುಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆಯಿಂದ ಬಿಗಿದ ಹೊದಿಕೆಗೆ ಕನ್ನಡದಲ್ಲಿ ಕೌದಿ ಎಂದು ಹೆಸರು. ಮರಾಠಿಯ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿಗಳೂ ಇದೇ ಬಳಗಕ್ಕೆ ಸೇರಿದವು. ಉತ್ತರ ಕರ್ನಾಟಕದಿಂದ ಬಂದು ಮುಂಬಯಿಯ ಬಾಂದ್ರಾ ಪೂರ್ವದಲ್ಲಿ ನೆಲೆಸಿದ ಕುಟುಂಬಗಳಿಗೆ ಕೌದಿ ಮತ್ತು ಗೋಧಡಿ ಎಂಬ ಎರಡು ಹೆಸರುಗಳೂ ಪರಿಚಿತ. ಇಲ್ಲಿ ಬಟ್ಟೆಯ ತುಂಡಿಗೆ ಕೊರತೆಯಿಲ್ಲ. ಬೆಹ್ರಾಮ್‌ಪಾಡಾದ ಚಿಕ್ಕ ಹೊಲಿಗೆಮನೆಗಳು, ಮಿಠಿ ನದಿಯಾಚೆಯ ಧಾರಾವಿಯ ಸಿದ್ಧ ಉಡುಪಿನ ಘಟಕಗಳು ಕತ್ತರಿಸಿ ಉಳಿಸುವ ಚಿಂದಿಯೇ ಸಾಕಷ್ಟಿದೆ. ಕೊರತೆಯಿರುವುದು ಕೌದಿಯನ್ನು ಹಾಸಿ ಅಳೆಯುವ ಸ್ಥಳಕ್ಕೆ.

ಮನೆಯ ಮಕ್ಕಳಿಗಾಗಿ ಹೊಲಿದ ಕೌದಿ ಸ್ವಲ್ಪ ಸೊಟ್ಟಗಿದ್ದರೆ ಬಾಧಕವಿಲ್ಲ. ಅದಕ್ಕೆ ಕತ್ತರಿ ಹಾಕದಿರುವುದೇ ಲೇಸು. ಮಾರಾಟಕ್ಕೆ ಹೋಗುವ ಕೌದಿಯ ವಿಷಯ ಬೇರೆ. ಮಹಾರಾಷ್ಟ್ರದ ಮಹಿಳಾ ಸ್ವಸಹಾಯ ಸಂಘಗಳ ಉತ್ಪನ್ನಗಳಿಗಾಗಿ ಬಾಂದ್ರಾದಲ್ಲಿ ನಡೆದಿರುವ ಮಹಾಲಕ್ಷ್ಮಿ ಸರಸ್‌ನಂತಹ ಪ್ರದರ್ಶನಗಳಲ್ಲಿ ಕೊಳ್ಳುವವರು ಹೊದಿಕೆಯನ್ನು ನಾಲ್ಕಾಗಿ ಮಡಿಸಿ ನೋಡುವುದು ಸಹಜ. ನಾಲ್ಕು ಮೂಲೆಗಳು ಒಂದರ ಮೇಲೊಂದು ಕೂಡದಿದ್ದರೆ, ಒಳಗಿನ ಹೊಲಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬೆಲೆ ಇಳಿಯುತ್ತದೆ. ವಾರಗಟ್ಟಲೆ ಕುಳಿತು ಹಾಕಿದ ಹೊಲಿಗೆಯ ಫಲ ಕೊನೆಯ ಒಂದೆರಡು ಗಂಟೆಗಳ ಕೆಲಸವನ್ನು ಅವಲಂಬಿಸಿರುತ್ತದೆ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲವಾದ್ದರಿಂದ ಈ ಹಂತದಲ್ಲಿ ಅವಸರ ಸಲ್ಲದು.

ಕೌದಿ ಸೊಟ್ಟಗಾಗುವುದೇಕೆ?

ಹೊಲಿಗೆ ಬಟ್ಟೆಯನ್ನು ಕುಗ್ಗಿಸುತ್ತದೆ. ಹೊಲಿಗೆ ದಟ್ಟವಾದಷ್ಟೂ ಕುಗ್ಗುವಿಕೆ ಹೆಚ್ಚು. ಸಾಮಾನ್ಯವಾಗಿ ನಡುವೆ ದಟ್ಟವಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಹೊಲಿಯುವುದರಿಂದ, ನಡುಭಾಗ ಕುಗ್ಗಿ ಅಂಚು ಅಲೆಅಲೆಯಾಗಿ ನಿಲ್ಲುತ್ತದೆ. ಹಲವು ಬಾರಿ ಒಗೆದ ಹಳೆಯ ಸೀರೆ ಇನ್ನು ಕುಗ್ಗುವುದಿಲ್ಲ. ಅದರ ಜೊತೆ ಸೇರಿದ ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲೇ ಕುಗ್ಗುತ್ತದೆ. ಆದ್ದರಿಂದ ಹೊಸ ಬಟ್ಟೆಯನ್ನು ಹೊಲಿಯುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿಕೊಳ್ಳಬೇಕು. ಮೂರನೆಯ ಕಾರಣ ಮುಂಬಯಿಯ ಮನೆಗಳಲ್ಲಿ ವಿಶೇಷವಾಗಿ ಕಂಡುಬರುವಂಥದು: ಒದ್ದೆ ಕೌದಿಯನ್ನು ಕಿಟಕಿಯ ಸರಳಿಗೆ ಒಂದು ಮೂಲೆ ಹಿಡಿದು ನೇತುಹಾಕುವುದು. ನೀರಿನ ಭಾರಕ್ಕೆ ಬಟ್ಟೆ ಓರೆಯಾಗಿ ಜಗ್ಗಿ ಆಯತವು ವಾಲಿಬಿಡುತ್ತದೆ.

ಕತ್ತರಿ ಹಿಡಿಯುವ ಮೊದಲು ಈ ವಾಲನ್ನು ಕೈಯಿಂದಲೇ ಸರಿಪಡಿಸಲು ಯತ್ನಿಸಬೇಕು. ಕೌದಿಯ ಮೇಲೆ ನೀರು ಚಿಮುಕಿಸಿ, ನೆಲದ ಮೇಲೆ ಹರವಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಬೇಕು. ಗಿಡ್ಡವಾಗಿರುವ ಕರ್ಣವನ್ನು, ಅಂದರೆ ಮೂಲೆಯಿಂದ ಎದುರು ಮೂಲೆಗೆ ಇರುವ ಉದ್ದವನ್ನು, ಇಬ್ಬರು ಎರಡು ಕಡೆ ಹಿಡಿದು ಮೃದುವಾಗಿ ಎಳೆಯಬೇಕು. ಹಾಗೆಯೇ ಪೂರ್ಣವಾಗಿ ಒಣಗಲು ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಸಮುದ್ರದ ಬದಿಯ ಈ ಪ್ರದೇಶದಲ್ಲಿ ಹತ್ತಿ ಬಟ್ಟೆ ಸದಾ ತೇವ ಹೀರಿಕೊಂಡೇ ಇರುವುದರಿಂದ, ಅಂಚು ಕತ್ತರಿಸುವ ಕೆಲಸವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳುವುದು ಜಾಣತನ.

ಚಿಕ್ಕ ಕೋಣೆಯಲ್ಲಿ ಅಳತೆ

ಒಬ್ಬರು ಹೊದೆಯುವ ಕೌದಿಯ ಅಳತೆ 60 ಅಂಗುಲ ಅಗಲ, 90 ಅಂಗುಲ ಉದ್ದ ಎಂದಿಟ್ಟುಕೊಂಡರೆ ಅದಕ್ಕೇ 37.5 ಚದರ ಅಡಿ ಸ್ಥಳ ಬೇಕು. ಮುಂಬಯಿಯಲ್ಲಿ 1995ರ ಗುಡಿಸಲು ಪುನರ್ವಸತಿ ಯೋಜನೆಯಡಿ ನಿಗದಿಯಾದ ಮನೆಯ ವಿಸ್ತೀರ್ಣ 225 ಚದರ ಅಡಿ. ನಂತರದ ವರ್ಷಗಳಲ್ಲಿ ಇದನ್ನು ಹೆಚ್ಚಿಸಲಾಯಿತು. ಅಡಿಗೆಯ ಜಾಗ, ಬಚ್ಚಲು, ಕಪಾಟು ಕಳೆದು ಉಳಿಯುವ ನೆಲದಲ್ಲಿ ಕೌದಿ ಹಿಡಿಸುತ್ತದೆ, ಸುತ್ತ ನಡೆದಾಡಲು ಆಗುವುದಿಲ್ಲ. ಆದರೆ ಅದೇ ನೆಲದಲ್ಲಿ ಒಂದು ಅನುಕೂಲವೂ ಇದೆ. ಹಾಸಿದ ಟೈಲ್ಸ್‌ನ ಸಂದುಗಳು ಉದ್ದಕ್ಕೂ ಅಡ್ಡಕ್ಕೂ ನೇರ ಗೆರೆಗಳಾಗಿ ಒದಗುತ್ತವೆ. ಗೋಡೆಯನ್ನು ಮಾತ್ರ ನಂಬಬಾರದು; ಅದು ಮೂಲೆಮಟ್ಟದಲ್ಲಿ ಇರಲೇಬೇಕೆಂದಿಲ್ಲ.

ಟೈಲ್ಸ್ ಸರಿಯಾಗಿವೆಯೇ ಎಂಬುದನ್ನೂ ಒಮ್ಮೆ ಪರೀಕ್ಷಿಸಬೇಕು. ಗಾರೆ ಕೆಲಸದವರು ಪಾಯ ಗುರುತಿಸುವಾಗ ಬಳಸುವ ಲೆಕ್ಕವೇ ಇದಕ್ಕೆ ಸಾಕು. ಎರಡು ಸಂದುಗಳು ಕೂಡುವ ಬಿಂದುವಿನಿಂದ ಒಂದರ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ದಾರ ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಬಂದರೆ ಆ ಮೂಲೆ ಲಂಬಕೋನ.

ಅಳತೆಯನ್ನು ಅಂಚಿನಿಂದ ಆರಂಭಿಸುವುದು ಬಹುತೇಕರ ರೂಢಿ. ಸೊಟ್ಟಗಿರುವುದು ಅಂಚೇ ಆದ್ದರಿಂದ ಅಲ್ಲಿಂದ ಅಳೆದರೆ ಸೊಟ್ಟು ಒಳಗೂ ಸಾಗುತ್ತದೆ. ನಡುವಿನಿಂದ ಹೊರಕ್ಕೆ ಅಳೆಯುವುದೇ ಸರಿಯಾದ ಕ್ರಮ. ಕೌದಿಯನ್ನು ಉದ್ದಕ್ಕೆ ಅರ್ಧ ಮಡಿಸಿ ನಡುಗೆರೆಯನ್ನು ದರ್ಜಿಯ ಸೀಮೆಸುಣ್ಣದಿಂದ ಎಳೆದು, ಆ ಗೆರೆಯನ್ನು ಟೈಲ್ಸ್‌ನ ಒಂದು ಸಂದಿಗೆ ಸರಿಯಾಗಿ ಕೂಡಿಸಬೇಕು. ಅಡ್ಡ ಸಂದಿನ ನೇರಕ್ಕೆ ಅಡ್ಡಗೆರೆ ಎಳೆಯಬೇಕು. ಉದ್ದದ ನಡುಗೆರೆಯಿಂದ ಎರಡು ಬದಿಗೂ, ಮೇಲೆ, ನಡುವೆ, ಕೆಳಗೆ, ಹೀಗೆ ಆರು ಕಡೆ ಅಳೆದು ಅತಿ ಕಡಿಮೆ ಬಂದ ಅಳತೆಯನ್ನೇ ಎಲ್ಲೆಡೆಗೂ ಸ್ವೀಕರಿಸಬೇಕು. 30 ಅಂಗುಲ ಬರಬೇಕಾದಲ್ಲಿ ಒಂದು ಕಡೆ 29¼ ಬಂದರೆ, ಕೌದಿಯ ಅಗಲ 58½ ಅಂಗುಲವೆಂದೇ ತೀರ್ಮಾನ. ಉದ್ದವನ್ನೂ ಅಡ್ಡಗೆರೆಯಿಂದ ಹೀಗೆಯೇ ನಿರ್ಧರಿಸಬೇಕು.

ಗೆರೆ ಎಳೆದ ಮೇಲೆ ಎರಡು ಕರ್ಣಗಳನ್ನೂ ಹಿಗ್ಗದ ದಾರದಿಂದ ಅಳೆಯಬೇಕು. 60ಕ್ಕೆ 90 ಅಂಗುಲದ ಆಯತದಲ್ಲಿ ಪ್ರತಿ ಕರ್ಣವೂ 108 ಅಂಗುಲಕ್ಕಿಂತ ತುಸು ಹೆಚ್ಚು ಬರುತ್ತದೆ. ಮೇಲಂಚು 2 ಅಂಗುಲ ಪಕ್ಕಕ್ಕೆ ಸರಿದಿದ್ದರೂ ಒಂದು ಕರ್ಣ 109¼, ಇನ್ನೊಂದು 107 ಅಂಗುಲವಾಗಿ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅಂತಹ ಸಂದರ್ಭದಲ್ಲಿ ಗೆರೆಯನ್ನು ಅಳಿಸಿ ಮತ್ತೆ ಎಳೆಯಬೇಕೇ ಹೊರತು ಕತ್ತರಿಸಬಾರದು.

ಕತ್ತರಿಸುವುದು ಮತ್ತು ಪಟ್ಟಿ ಕಟ್ಟುವುದು

ಕೌದಿಯ ಓಟದ ಹೊಲಿಗೆ ಅಂಚಿನವರೆಗೂ ಸಾಗಿರುತ್ತದೆ. ಅದನ್ನು ಕತ್ತರಿಸಿದೊಡನೆ ದಾರದ ತುದಿಗಳು ಬಿಚ್ಚಿಕೊಳ್ಳತೊಡಗುತ್ತವೆ. ಆದ್ದರಿಂದ ಕತ್ತರಿಸುವ ಗೆರೆಯ ಒಳಬದಿಗೆ, ಕಾಲು ಅಂಗುಲಕ್ಕಿಂತ ಕಡಿಮೆ ಅಂತರದಲ್ಲಿ, ಸುತ್ತಲೂ ಒಂದು ಸಾಲು ಹೊಲಿಗೆ ಹಾಕಿಕೊಳ್ಳುವುದು ಅತ್ಯವಶ್ಯಕ. ಯಂತ್ರವಿದ್ದರೆ ಯಂತ್ರದಿಂದ, ಇಲ್ಲವಾದರೆ ಬಖಿಯಾ ಎನ್ನುವ ಹಿಂಹೊಲಿಗೆಯಿಂದ ಹಾಕಬಹುದು. ಮುಂದೆ ಇದು ಪಟ್ಟಿಯ ಒಳಗೆ ಮರೆಯಾಗುತ್ತದೆ. ಈ ಒಂದು ಸಾಲಿನ ಕೊರತೆಯಿಂದಲೇ ಕೌದಿ ಕೆಡಬಹುದು.

ಕತ್ತರಿಸುವಾಗ ದೊಡ್ಡ ದರ್ಜಿ ಕತ್ತರಿಯ ಕೆಳಗಿನ ಅಲಗು ನೆಲಕ್ಕೆ ತಾಗಿಯೇ ಇರಬೇಕು. ಬಟ್ಟೆಯನ್ನು ಎತ್ತಿದರೆ ಪದರಗಳು ಜಾರಿ ಕೆಳಪದರ ಉದ್ದವಾಗಿ ಉಳಿಯುತ್ತದೆ.

ಅಂಚಿನ ಪಟ್ಟಿಗೆ ಸುತ್ತಳತೆ 300 ಅಂಗುಲ, ಮೂಲೆ ಮತ್ತು ಜೋಡಣೆಗೆ 12 ಅಂಗುಲ, ಒಟ್ಟು 312 ಅಂಗುಲ ಬೇಕು. ಐದೂವರೆ ಮೀಟರಿನ ಹಳೆಯ ಹತ್ತಿ ಸೀರೆಯ ಉದ್ದಕ್ಕೆ ಎರಡೂವರೆ ಅಂಗುಲ ಅಗಲದ ಎರಡು ಪಟ್ಟಿ ಹರಿದರೆ 430 ಅಂಗುಲಕ್ಕೂ ಹೆಚ್ಚು ದೊರೆಯುತ್ತದೆ. ನೇರ ಅಂಚಿಗೆ ಓರೆಪಟ್ಟಿ ಬೇಕಾಗಿಲ್ಲ. ದುಂಡು ಮೂಲೆಗೆ ಮಾತ್ರ ಅದು ಬೇಕು. ಪ್ರತಿ ಬದಿಯ ಪಟ್ಟಿಯ ಉದ್ದವನ್ನು ಅಂಚಿನ ಅಳತೆಗಲ್ಲ, ಕೌದಿಯ ನಡುವಿನ ಅಳತೆಗೆ ಗುರುತಿಸಿ, ಅರ್ಧ ಮತ್ತು ಕಾಲು ಭಾಗಗಳಲ್ಲಿ ಗುಂಡುಸೂಜಿ ಚುಚ್ಚಿ ಕೂಡಿಸಿದರೆ, ಅಂಚಿನ ಅಲೆ ಪಟ್ಟಿಯೊಳಗೆ ಅಡಗಿ ಕೌದಿ ಚಪ್ಪಟೆಯಾಗಿ ಕೂರುತ್ತದೆ.

ಬಟ್ಟೆ ತೀರಾ ಕಡಿಮೆಯಿದ್ದು, ತಾಯಿಯ ಸೀರೆಯ ಒಂದು ಗೇಣನ್ನೂ ಕಳೆದುಕೊಳ್ಳಲು ಮನಸ್ಸಿಲ್ಲದವರಿಗೆ ಬೇರೊಂದು ದಾರಿಯಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯಲ್ಲಿ ಕೊನೆಗೆ ಕತ್ತರಿಸುವ ಪ್ರಶ್ನೆಯೇ ಇಲ್ಲ. ಅವರು ಹಾಸಿದ ಸೀರೆಯ ಮೂಲೆಯಿಂದ ಆರಂಭಿಸಿ, ಅಂಚನ್ನು ಮೊದಲೇ ಒಳಮಡಿಸಿ, ತುಂಡುಗಳನ್ನು ಸೇರಿಸುತ್ತ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಕೂಡಿಸುವ ‘ಫೂಲ’ಗಳು ಅಲಂಕಾರವೂ ಹೌದು, ಹೆಚ್ಚು ಸವೆಯುವ ಭಾಗಕ್ಕೆ ರಕ್ಷಣೆಯೂ ಹೌದು. ಈ ವಿಧಾನದಲ್ಲಿ ಅಳತೆಯನ್ನು ಆರಂಭದಲ್ಲೇ, ಸೀರೆ ಹಾಸಿದಾಗಲೇ, ಮೇಲೆ ಹೇಳಿದ ದಾರದಿಂದ ಪರೀಕ್ಷಿಸಿಕೊಳ್ಳಬೇಕು.

ಪಟ್ಟಿ ಕಟ್ಟಿದ ಕೌದಿಯನ್ನು ಮೊದಲ ಬಾರಿ ಒಗೆದಾಗ ಎರಡು ಹಗ್ಗಗಳ ಮೇಲೆ ಅಗಲವಾಗಿ ಹರವಿ, ನೆರಳಿನಲ್ಲಿ ಒಣಗಿಸಬೇಕು. ಒಣಗಿದ ನಂತರ ಕರ್ಣಗಳನ್ನು ಇನ್ನೊಮ್ಮೆ ಅಳೆದು ನೋಡಿ, ಆ ಬಳಿಕವೇ ಅದನ್ನು ಮಾರಾಟಕ್ಕೆ ಕಳುಹಿಸುವುದು ಉಚಿತ.