ಸಾಕಿದ ನೀರಾಮೆಯ ಕಣ್ಣೂತ

ಮಕ್ಕಳ ಆಸೆಗೆಂದು ಪೇಟೆಯಿಂದ ತಂದ ಕೆಂಪುಕಿವಿಯ ಆಮೆ ಕೆಲವು ತಿಂಗಳಲ್ಲೇ ಕಣ್ಣು ಮುಚ್ಚಿಕೊಂಡು ಮೇವು ಬಿಡುವುದುಂಟು. ಕಣ್ಣಿಗೆ ಹನಿ ಔಷಧಿ ಹಾಕಿದರಷ್ಟೇ ಸಾಲದು. ರೆಪ್ಪೆ ಊದಿಕೊಳ್ಳಲು ಮುಖ್ಯ ಕಾರಣ ಆಹಾರದಲ್ಲಿ ‘ಎ’ ಜೀವಸತ್ವದ ಕೊರತೆ. ಹೊಲಸು ನೀರು ಅದಕ್ಕೆ ಜೊತೆಗೂಡುತ್ತದೆ. ಬರೀ ಒಣ ಸೀಗಡಿ ತಿಂದು ಬೆಳೆದ ಮರಿಗಳಲ್ಲಿ ಇದು ಹೆಚ್ಚು. ಕಣ್ಣು ಕಾಣದ ಆಮೆ ಮೇವು ಮುಟ್ಟದು. ಮೇವಿಲ್ಲದೆ ಕೊರತೆ ಇನ್ನಷ್ಟು ಹೆಚ್ಚುವುದು. ಆದ್ದರಿಂದ ಊತ ಕಂಡೊಡನೆ ಪಶುವೈದ್ಯರಿಗೆ ತೋರಿಸಬೇಕು. ಈ ಜೀವಸತ್ವ ಮಿತಿಮೀರಿದರೆ ಚರ್ಮವೇ ಸುಲಿದುಬರುತ್ತದೆ. ಸ್ವಂತ ಚಿಕಿತ್ಸೆ ಬೇಡ. ಮುಂದೆ ಮೇವಿನಲ್ಲಿ ಇಡಿಯಾದ ಸಣ್ಣ ಮೀನು, ಗಜ್ಜರಿ ತುರಿ, ಸೊಪ್ಪು ಇರಲಿ.

ಚಿಪ್ಪು ಮೆತ್ತಗಾಗುವುದು ಸುಣ್ಣದ ಅಂಶ ಮತ್ತು ಬಿಸಿಲಿನ ಕೊರತೆಯಿಂದ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲು ಇದಕ್ಕೆ ಉಪಯೋಗವಿಲ್ಲ. ಬೆಳಗಿನ ಎಳೆ ಬಿಸಿಲಿನಲ್ಲಿ, ಹತ್ತಿ ಕೂರಲು ಒಣ ಕಲ್ಲು, ಪಕ್ಕದಲ್ಲಿ ನೆರಳು ಇಟ್ಟು ಬಿಡಬೇಕು. ನಾಯಿ, ಕಾಗೆಗಳ ಬಗ್ಗೆ ಎಚ್ಚರ! ಚಿಪ್ಪಿನಲ್ಲಿ ಗುಳಿ ಬಿದ್ದು ದುರ್ವಾಸನೆ ಬಂದರೆ ಅದು ಕೊಳೆರೋಗ. ಒಂದು ಮಗ್ಗುಲಿಗೆ ವಾಲಿ ಈಜುತ್ತ, ಮೂಗಿನಿಂದ ಗುಳ್ಳೆ ಬಿಡುತ್ತಿದ್ದರೆ ಶ್ವಾಸಕೋಶದ ಸೋಂಕಿರಬಹುದು, ತಡಮಾಡಬಾರದು.

ಬೇಸರವಾಯಿತೆಂದು ಇದನ್ನು ಊರ ಕೆರೆಗೆ ಬಿಡಬೇಡಿ. ಅಮೆರಿಕ ಮೂಲದ ಈ ಆಮೆ ನಮ್ಮ ಕೆರೆಯ ಆಮೆಗಳ ಆಹಾರ, ನೆಲೆ ಕಸಿಯುತ್ತದೆ. ನಮ್ಮ ಆಮೆಗಳನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ನಿಷೇಧವಿದೆ.

ಆಮೆ ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಲಿ. ಅದರ ಮೈಮೇಲೆ ಭೇದಿ ತರುವ ಸಾಲ್ಮೊನೆಲ್ಲಾ ಜೀವಾಣುಗಳಿರಬಹುದು. ತೊಟ್ಟಿಯ ನೀರನ್ನು ಅಡುಗೆಮನೆಯ ಬಚ್ಚಲಿಗೆ ಚೆಲ್ಲದೆ ತೆಂಗಿನ ಬುಡಕ್ಕೆ ಸುರಿಯಿರಿ.