ಸವಾರನ ಕಾಲಡಿ ನೆಲ

ತಮ್ಮಾ, ನಿನ್ನ ಕುದುರೆ ಸವಾರ ಗೊಂಬೆಗಳಿಗೆ ಬಣ್ಣ ಚೆಂದ ಕೂತಿದೆ. ಮುಂಡಾಸಿನ ಮಡಿಕೆ ಸಹ ಕಾಣುತ್ತದೆ. ನೆಲ ಮಾತ್ರ ಒಪ್ಪುವಂತಿಲ್ಲ. ಹೈಫಾದ ದಾಳಿಯನ್ನು ಮರುಭೂಮಿಯ ಯುದ್ಧ ಅಂದುಕೊಂಡು ಹಲಗೆಯ ಮೇಲೆ ಹಳದಿ ಮರಳು ಸುರಿದುಬಿಟ್ಟಿದ್ದೀ.

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳು ಹೈಫಾದ ಮೇಲೆ ಏರಿಹೋದಾಗ ಅವರ ಒಂದು ಮಗ್ಗುಲಿಗೆ ಕಿಶೋನ್ ಹೊಳೆ, ಇನ್ನೊಂದಕ್ಕೆ ಕಾರ್ಮೆಲ್ ಗುಡ್ಡ. ಹೊಳೆಯ ದಂಡೆ ಕುದುರೆಗಳು ಹೂತುಹೋಗುವಂಥ ಕೆಸರು. ಅದನ್ನು ದಾಟಲಾಗದೆ ಜೋಧಪುರದವರು ಗುಡ್ಡದ ಬುಡಕ್ಕೆ ಹೊರಳಿದರು. ಮೈಸೂರಿನ ಒಂದು ತುಕಡಿ ಗುಡ್ಡ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ಆ ದಿನ ಯಾರು ಎತ್ತ ತಿರುಗಬೇಕು ಅನ್ನುವುದನ್ನು ನೆಲವೇ ತೀರ್ಮಾನಿಸಿತು. ನಿನ್ನ ಹಲಗೆಯ ಮೇಲೆ ಆ ಕೆಸರೂ ಇಲ್ಲ, ಕಲ್ಲೂ ಇಲ್ಲ.

ಕಾರ್ಮೆಲ್ ಸುಣ್ಣಕಲ್ಲಿನ ಗುಡ್ಡ. ನಮ್ಮ ತಾಂಡೂರಿನ ಪರಶಿಯೂ ಸುಣ್ಣಕಲ್ಲೇ. ಯಾಲಾಲದಲ್ಲಿ ಕೂತು ಆನ್‌ಲೈನಿನಲ್ಲಿ ಡಬ್ಬಿ ಮಣ್ಣು ತರಿಸುವುದು ಯಾಕೆ? ಪಾಲಿಶ್ ಮಷೀನಿನ ಕೆಳಗೆ ನಿಂತ ಬೂದು ಕೆಸರನ್ನು ಕೇಳಿ ತಂದು ಒಣಗಿಸು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಹಿಡಿ. ಕಲ್ಲಿನ ಧೂಳು ಎದೆಗೆ ಒಳ್ಳೆಯದಲ್ಲ.

ಲೆಕ್ಕ ಮರೆಯಬೇಡ. ನಿನ್ನ ಗೊಂಬೆಗಳು 1/72 ಅಳತೆಯವು. ಒಂದು ಮಿಲಿಮೀಟರಿನ ಮರಳಿನ ಕಣ ಅಲ್ಲಿ ಏಳು ಸೆಂಟಿಮೀಟರಿನ ಕಲ್ಲಾಗುತ್ತದೆ. ಮರಳು ಅಂದುಕೊಂಡು ನೀನು ಸುರಿದದ್ದರ ಮೇಲೆ ಯಾವ ಕುದುರೆಯೂ ನಾಗಾಲೋಟ ಓಡದು! ಒಂಬತ್ತು ಅಡಿಯ ಬಿದಿರಿನ ಭರ್ಜಿ 38 ಮಿಲಿಮೀಟರ್ ಆಗಬೇಕು. ಗೊಂಬೆಯ ಜೊತೆ ಬಂದ ಪ್ಲಾಸ್ಟಿಕ್ ಬಾಗಿದ್ದರೆ ಕಿತ್ತು ಸಣ್ಣ ತಂತಿ ಹಾಕು.

ನೀರು ಬೆರೆಸಿದ ಫೆವಿಕಾಲ್ ಬಳಿದು ಪುಡಿ ಉದುರಿಸು, ಒಂದು ರಾತ್ರಿ ಬಿಡು. ಆಮೇಲೆ ಕಡು ಕಂದು ಬಣ್ಣವನ್ನು ತೆಳ್ಳಗೆ ಹರಿಸು. ಅದು ಒಣಗಿದ ಮೇಲೆ ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದಷ್ಟೇ ತಿಳಿಬಣ್ಣವನ್ನು ಉಬ್ಬುಗಳ ಮೇಲೆ ಸವರು. ಅದೇ ತಿಳಿಬಣ್ಣ ಗೊರಸಿಗೂ ಮೊಣಕಾಲಿಗೂ ಸ್ವಲ್ಪ ತಾಗಲಿ. ಧೂಳು ಹತ್ತದ ಕುದುರೆ ಮದುವೆ ಮೆರವಣಿಗೆಯ ಕುದುರೆ. ಹೊಳೆಯ ದಂಡೆಗೆ ನಮ್ಮ ಎರೆಮಣ್ಣೇ ಸಾಕು, ಒಣಗಿದ ಮೇಲೆ ಮೆರುಗೆಣ್ಣೆ ಹಚ್ಚಿದರೆ ಹಸಿಯಾಗಿ ಕಾಣುತ್ತದೆ.

ನಮ್ಮ ಸೀಮೆ ಆಗ ನಿಜಾಮರದು ಅಂತ ಹೈದರಾಬಾದ್ ಲ್ಯಾನ್ಸರುಗಳನ್ನೂ ಇದೇ ದಾಳಿಯಲ್ಲಿ ಸೇರಿಸುವ ಆಸೆ ನಿನಗೆ. ಆಸೆ ತಪ್ಪಲ್ಲ. ದೆಹಲಿಯ ತೀನ್ ಮೂರ್ತಿಯಲ್ಲಿ ಮೂರೂ ಸಂಸ್ಥಾನದ ಸವಾರರು ನಿಂತಿದ್ದಾರೆ, ಬ್ರಿಗೇಡೂ ಒಂದೇ. ಆದರೆ ಹೈಫಾದ ದಾಳಿಯಲ್ಲಿ ನಮ್ಮವರು ಇರಲಿಲ್ಲ. ಅವರಿಗೆ ಸೂಯೆಜ್ ಕಾಲುವೆಯ ದಂಡೆಯನ್ನು ಬೇರೆ ಹಲಗೆಯ ಮೇಲೆ ಮಾಡು. 1915ರಲ್ಲಿ ಆ ಬ್ರಿಗೇಡು ಅಲ್ಲಿ ಕಾವಲಿಗಿತ್ತು. ಅಲ್ಲಿ ಬೇಕಾದರೆ ಮರಳು ಸುರಿ, ಮೊದಲು ಹಿಟ್ಟಿನ ಜರಡಿಯಲ್ಲಿ ಹಾಯಿಸಿಕೋ.