ಅರ್ಧಕ್ಕೆ ನಿಂತ ಕಾದಂಬರಿ

ಕಾದಂಬರಿ ಸಾಮಾನ್ಯವಾಗಿ ನಿಲ್ಲುವುದು ನಡುವಿನಲ್ಲಿ. ಆರಂಭದ ಹುಮ್ಮಸ್ಸು ಇಳಿದಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಇದನ್ನು ಪ್ರತಿಭೆಯ ಕೊರತೆ ಎಂದು ಬಗೆಯುವ ಹೊಸ ಲೇಖಕರೇ ಹೆಚ್ಚು. ಬಹಳ ಸಲ ಅದು ತಿಳಿವಳಿಕೆಯ ಕೊರತೆ. ಪಾತ್ರ ಬದುಕುವ ಲೋಕ ಬರೆಯುವವರಿಗೇ ಸಾಕಷ್ಟು ಗೊತ್ತಿರುವುದಿಲ್ಲ. ಎಸ್. ಎಲ್. ಭೈರಪ್ಪ 1979ರಲ್ಲಿ ಪ್ರಕಟವಾದ ‘ಪರ್ವ’ಕ್ಕಾಗಿ ಮಹಾಭಾರತದ ಊರುಗಳನ್ನು ಸುತ್ತಿದರು, ಬಹುಪತಿತ್ವ ಉಳಿದಿದ್ದ ಹಿಮಾಲಯದ ಹಳ್ಳಿಗೂ ಹೋಗಿಬಂದರು. ದ್ರೌಪದಿಯ ಸಂಸಾರ ಪುರಾಣದಿಂದ ಇಳಿದು ಮನೆಯೊಳಗಿನ ಮಾತಾದದ್ದು ಹೀಗೆ.

ತಿಳಿದಿದ್ದೂ ಕೈ ಓಡದಿದ್ದರೆ ಕಾರಣ ಅಭ್ಯಾಸದಲ್ಲಿರುತ್ತದೆ. ದಿನವೂ ಒಂದೇ ಹೊತ್ತು, ಒಂದೇ ಜಾಗ, ಒಂದು ಪುಟವಾದರೂ ಸರಿ. ಮುಂದಿನ ಸಾಲು ಗೊತ್ತಿರುವಾಗಲೇ ಏಳಬೇಕು: ಮನೆ ಪಾಲಾಗುತ್ತಿದೆ, ತಮ್ಮ ಬಚ್ಚಲ ತಾಮ್ರದ ಹಂಡೆಯ ಮೇಲೆ ಕೈಯಿಟ್ಟಿದ್ದಾನೆ, ಅತ್ತಿಗೆ ಬಾಯಿ ತೆರೆದಿದ್ದಾಳೆ. ಅಲ್ಲಿಗೆ ಪೆನ್ನು ಮುಚ್ಚುವುದು. ಮರುದಿನ ಅವಳ ಮಾತಿನಿಂದಲೇ ಬರವಣಿಗೆ ಶುರುವಾಗುತ್ತದೆ. ಅಮೆರಿಕದ ಹೆಮಿಂಗ್ವೇ ಪಾಲಿಸಿದ್ದೂ ಇದೇ ಕ್ರಮ. (ಬರೆದದ್ದನ್ನು ಆ ರಾತ್ರಿಯೇ ಮನೆಮಂದಿಗೆ ಓದಿ ಹೇಳುವ ಚಪಲವನ್ನು ತಡೆಯುವುದೇ ಕಷ್ಟ.)

ತಿದ್ದುವ ಕೆಲಸ ಬೇರೆ. ಮೊದಲ ಕರಡು ಮುಗಿಯುವವರೆಗೆ ಅದಕ್ಕೆ ಕೈಹಾಕದಿರುವುದು ಲೇಸು. ಒಂದನೇ ಅಧ್ಯಾಯವನ್ನೇ ಹತ್ತು ಸಲ ತಿದ್ದಿದವರ ಎರಡನೇ ಅಧ್ಯಾಯ ಹುಟ್ಟುವುದೇ ಇಲ್ಲ. ಮುಗಿದ ಕರಡನ್ನು ಒಂದೆರಡು ತಿಂಗಳು ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಗಟ್ಟಿಯಾಗಿ ಓದಿದರೆ ಸಂಭಾಷಣೆ ಎಲ್ಲಿ ಎಡವುತ್ತದೆಂದು ಕಿವಿಗೇ ತಿಳಿಯುತ್ತದೆ.

ತಡವಾಯಿತೆಂಬ ಅಳುಕಿಗೆ ಹೆಚ್ಚು ಅರ್ಥವಿಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ನಡುವೆ 31 ವರ್ಷ. ಅವರು ಬರೆದ ಕಾದಂಬರಿಗಳು ಈ ಎರಡೇ.